ಹೂಜಿ ಗಿಡಕ್ಕೆ ಯಾವ ನೀರು? ಆರ್‌ಒ, ಬ್ಯಾಟರಿ ನೀರು, ಎಸಿ ನೀರು, ಮಳೆ ನೀರು

ನನ್ನ ವೋಟು ಮಳೆ ನೀರಿಗೆ. ಮುಂದೆ ಓದುವಾಗ ಹೇಗೂ ಗೊತ್ತಾಗುತ್ತದೆ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಚಿತ್ರ ನೋಡಿದ ದಿನದಿಂದ ನನಗೆ ಹೂಜಿ ಗಿಡದ, ಅಂದರೆ ಎಲೆಯ ತುದಿಯ ಹೂಜಿಯಲ್ಲಿ ಹುಳ ಹಿಡಿಯುವ ನೆಪೆಂಥಿಸ್ ಗಿಡದ, ಆಸೆ. ನಮ್ಮ ದೇಶದ ಕಾಡಿನಲ್ಲಿ ಬೆಳೆಯುವ ನೆಪೆಂಥಿಸ್ ಒಂದೇ ಜಾತಿ, ಮೇಘಾಲಯದ ಖಾಸಿಯಾನಾ. ಗಾರೋ ಜನ ಅದನ್ನು ಮೆಮಾಂಗ್ ಕೊಕ್ಸಿ, ಅಂದರೆ ದೆವ್ವದ ಬುಟ್ಟಿ, ಅನ್ನುತ್ತಾರಂತೆ. ಅದಕ್ಕೆ ಕಾನೂನಿನ ರಕ್ಷಣೆ ಇದೆ, ಸುಮ್ನೆ ಕಿತ್ತು ತಂದು ಕಿಟಕಿಯಲ್ಲಿ ಇಡುವ ಹಾಗಿಲ್ಲ. ನಮ್ಮಂಥವರಿಗೆ ನರ್ಸರಿಯಲ್ಲಿ ಸಿಗುವುದು ವೆಂಟ್ರಾಟಾ ಅನ್ನುವ ಮಿಶ್ರತಳಿ. ಚೀಟಿಯ ಮೇಲೆ ‘ಅಲಾಟಾ’ ಅಂತಿದ್ದರೂ ಕುಂಡದಲ್ಲಿರುವುದು ಬಹಳ ಸಲ ಇದೇ. ಗಟ್ಟಿ ಗಿಡ, ಹೊಸಬರಿಗೆ ಸರಿ.

ಅಂಥ ಗಟ್ಟಿ ಗಿಡವನ್ನೂ ನಾನು ನಾಲ್ಕು ತಿಂಗಳಲ್ಲಿ ಕೊಂದೆ. ನಲ್ಲಿ ನೀರು ಹಾಕಿ.

ನಮ್ಮದು ಬೆಂಗಳೂರಿನ ಬಾಡಿಗೆ ಫ್ಲ್ಯಾಟು, ಬೋರ್‌ವೆಲ್ ನೀರು. ಅಪಾರ್ಟ್‌ಮೆಂಟಿನಲ್ಲಿ ಸಾಫ್ಟ್‌ನರ್ ಇದೆ, ನೀರು ಮೆತ್ತಗಿದೆ, ಗಿಡಕ್ಕೆ ಏನೂ ಆಗಲ್ಲ ಅಂದುಕೊಂಡಿದ್ದೆ. ಸಾಫ್ಟ್‌ನರ್ ಸುಣ್ಣದ ಅಂಶ ತೆಗೆದು ಅದರ ಜಾಗಕ್ಕೆ ಸೋಡಿಯಂ ಸೇರಿಸುತ್ತದೆ ಅಂತ ತಿಳಿದದ್ದು ಗಿಡ ಹೋದ ಮೇಲೆ. ಬಟ್ಟೆ ಒಗೆಯಲು ಚೆನ್ನ, ಹೂಜಿ ಗಿಡಕ್ಕೆ ವಿಷ. ಇದು ಸಾರವಿಲ್ಲದ ಮಣ್ಣಿನಲ್ಲಿ, ಸದಾ ಮಳೆಯಲ್ಲಿ ತೊಳೆದುಹೋಗುವ ಜಾಗದಲ್ಲಿ ಬೆಳೆದು ಬಂದ ಗಿಡ. ಊಟಕ್ಕೆ ಹುಳ ಹಿಡಿಯುವುದೂ ಅದಕ್ಕೇ. ಬೇರಿಗೆ ಉಪ್ಪು ತಡೆಯುವ ಅಭ್ಯಾಸವೇ ಇಲ್ಲ. ಮೊದಲು ಎಲೆಯ ತುದಿ ಕಂದಾಯಿತು, ಆಮೇಲೆ ಹೊಸ ಹೂಜಿಗಳು ಕಡ್ಡಿಯಷ್ಟಿರುವಾಗಲೇ ಒಣಗಿದವು. ಕುಂಡದ ಮೇಲೆ ಬಿಳಿ ಪುಡಿ ಕೂತಿತ್ತು. ಇನ್ನೂರೈವತ್ತು ರೂಪಾಯಿ ಕೊಟ್ಟು, ನೀರಿನಲ್ಲಿ ಕರಗಿದ ಉಪ್ಪು-ಖನಿಜ ಅಳೆಯುವ ಟಿಡಿಎಸ್ ಮೀಟರ್ ತಂದು ಅದ್ದಿ ನೋಡಿದರೆ ಲೀಟರಿಗೆ 640 ಮಿಲಿಗ್ರಾಂ! ಈ ಗಿಡಕ್ಕೆ 50ರ ಒಳಗಿದ್ದರೆ ಒಳ್ಳೆಯದು, 100 ದಾಟಬಾರದು. ಮೀಟರ್ ಮೊದಲು ತಂದು ಆಮೇಲೆ ಗಿಡ ತರಬೇಕಿತ್ತು.

ಕುದಿಸಿ ಆರಿಸಿ ಹಾಕಿದರೆ ಆಗಲ್ವಾ ಅಂತ ಅತ್ತೆ ಕೇಳಿದರು. ಆಗಲ್ಲ. ಸ್ವಲ್ಪ ಸುಣ್ಣ ಪಾತ್ರೆಯ ತಳಕ್ಕೆ ಕೂರುತ್ತದೆ, ಉಳಿದ ಉಪ್ಪೆಲ್ಲ ಕಡಿಮೆಯಾದ ನೀರಿನಲ್ಲಿ ಇನ್ನೂ ದಟ್ಟವಾಗುತ್ತದೆ.

ಎರಡನೇ ಸಲ ಗೆಳತಿಯ ಗಿಡದಿಂದ ಮೂರು ತುಂಡು ತಂದೆ. ವೆಂಟ್ರಾಟಾ ತುಂಡಿನಿಂದ ಸಲೀಸಾಗಿ ಬೇರು ಬಿಡುತ್ತದೆ. ಮೂರೂ ಒಂದೇ ಪೂರ್ವದ ಕಿಟಕಿಯಲ್ಲಿ, ಮಣ್ಣಿನ ಬದಲು ಒಂದೇ ಥರದ ಮಾಸ್ (ಒಣ ಪಾಚಿ) ಮತ್ತು ಪರ್ಲೈಟಿನಲ್ಲಿ (ಹಗುರವಾದ ಬಿಳಿ ಕಲ್ಲಿನ ಹರಳು). ಒಂದಕ್ಕೆ ಆರ್‌ಒ, ಒಂದಕ್ಕೆ ಬ್ಯಾಟರಿ ನೀರು, ಒಂದಕ್ಕೆ ಮಳೆ ನೀರು.

ಆರ್‌ಒ ಎಲ್ಲಕ್ಕಿಂತ ಸುಲಭ ಅಂತ ಎಲ್ಲರೂ ಹೇಳುತ್ತಾರೆ. ಅಡುಗೆಮನೆಯಲ್ಲೇ ಇದೆ, ಲೋಟ ಹಿಡಿದರಾಯಿತು. ನಾನೂ ಅದನ್ನೇ ನಂಬಿ ಎರಡು ತಿಂಗಳು ಹಾಕಿದೆ. ಗಿಡ ಸಾಯಲಿಲ್ಲ, ಬೆಳೆಯಲೂ ಇಲ್ಲ. ಒಂದು ದಿನ ಅನುಮಾನ ಬಂದು ಮೀಟರ್ ಅದ್ದಿದೆ. 118. ಶುದ್ಧ ನೀರಿನಲ್ಲಿ ಇಷ್ಟೆಲ್ಲಿಂದ ಬಂತು?

ಬಂದದ್ದು ಮೆಷಿನ್ನಿನಿಂದಲೇ. ಕುಡಿಯಲು ರುಚಿ ಇರಲಿ ಅಂತ ಶುದ್ಧವಾದ ನೀರಿಗೆ ಒಂದಿಷ್ಟು ಶುದ್ಧವಾಗದ ನೀರನ್ನೇ ಬೆರೆಸುವ ಸಣ್ಣ ತಿರುಪು ಒಳಗಿದೆ. ಅದಕ್ಕೆ ಟಿಡಿಎಸ್ ಕಂಟ್ರೋಲರ್ ಅಂತ ಹೆಸರು. ರಿಪೇರಿಯವರನ್ನು ಕರೆಸಿ ತಿರುಪು ಪೂರ್ತಿ ಮುಚ್ಚಿಸಿದೆ, 35ಕ್ಕೆ ಇಳಿಯಿತು. ಗಿಡಕ್ಕೆ ಹಬ್ಬ. ಮಾರನೇ ದಿನ ಬೆಳಗ್ಗೆ ಅತ್ತೆ ಕಾಫಿ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. ‘ಡಿಕಾಕ್ಷನ್ ಯಾಕೋ ಚಪ್ಪೆ.’ ನಾನು ಬಾಯಿ ಬಿಡಲಿಲ್ಲ. ಮೂರನೇ ದಿನ ಕಾಫಿಪುಡಿ ಅಂಗಡಿಯವರ ಮೇಲೆ ಆರೋಪ ಹೋಯಿತು. ನಾಲ್ಕನೇ ದಿನ ಗಂಡ ಬೇರೆ ಪುಡಿ ತಂದರು. ಕೊನೆಗೆ ತಪ್ಪೊಪ್ಪಿಕೊಂಡೆ. ತಿರುಪು ಮತ್ತೆ ತೆರೆಯಿತು.

ನೀರು ಸೋಸುವ ಪರದೆ, ಅಂದರೆ ಮೆಂಬರೇನ್, ಆದ ತಕ್ಷಣ, ಬೆರಕೆಗೆ ಮುಂಚೆ, ಪೈಪಿಗೊಂದು ಕವಲು ಹಾಕಿಸಬಹುದು. ಕೇಳಿದೆ, ನಾನೂರು ರೂಪಾಯಿ ಅಂದರು. ಬಾಡಿಗೆ ಮನೆ, ಮೆಷಿನ್ ಮಾಲೀಕರದ್ದು, ಅವರು ಒಪ್ಪಲಿಲ್ಲ. ಅಷ್ಟರಲ್ಲಿ 2024ರ ಮಾರ್ಚ್ ಬಂತು. ನಗರದ ಎಷ್ಟೋ ಬೋರ್‌ವೆಲ್ ಬತ್ತಿ, ನಮ್ಮ ಅಪಾರ್ಟ್‌ಮೆಂಟಿಗೆ ಟ್ಯಾಂಕರ್ ಬರುತ್ತಿತ್ತು. ಆರ್‌ಒ ಒಂದು ಲೀಟರ್ ಕೊಡಲು ಎರಡು-ಮೂರು ಲೀಟರ್ ಹೊರಗೆ ಚೆಲ್ಲುತ್ತದೆ. ಅಂಥ ಹೊತ್ತಿನಲ್ಲಿ ಗಿಡಕ್ಕೋಸ್ಕರ ಆ ಮೆಷಿನ್ ಓಡಿಸಲು ಮನಸ್ಸು ಬರಲಿಲ್ಲ. ನಿಮ್ಮದು ಸ್ವಂತ ಮನೆ, ಕಾವೇರಿ ನೀರು ಆದರೆ ನಿಮ್ಮ ಲೆಕ್ಕ ಬೇರೆ ಇರಬಹುದು.

ಬ್ಯಾಟರಿ ನೀರು ಅಂದರೆ ಇನ್ವರ್ಟರಿಗೆ ಹಾಕುವ ಖನಿಜವಿಲ್ಲದ ನೀರು. ಅಂಗಡಿಯಲ್ಲಿ ‘ನೀರು’ ಅಂತ ಒತ್ತಿ ಹೇಳಿ, ಆಸಿಡ್ ಕ್ಯಾನೂ ಪಕ್ಕದಲ್ಲೇ ಇರುತ್ತದೆ. ಮೀಟರಿನಲ್ಲಿ 3. ಗಿಡಕ್ಕೆ ದೂರು ಹೇಳಲು ಏನೂ ಇಲ್ಲ, ಪರ್ಸಿಗೆ ಇದೆ: ಐದು ಲೀಟರಿಗೆ ನೂರಿಪ್ಪತ್ತು.

ಎಸಿ ನೀರು ನನ್ನ ಅಕ್ಕನ ಅನುಭವ, ಅವಳಿರುವುದು ಮಂಗಳೂರಿನಲ್ಲಿ. ಅಲ್ಲಿ ಎಸಿ ಹಾಕಿದರೆ ಬಕೆಟ್ ತುಂಬುತ್ತದೆ, ಟಿಡಿಎಸ್ ತೀರಾ ಕಡಿಮೆ. ಬಟ್ಟೆಯಲ್ಲಿ ಸೋಸಿ ಹಾಕುತ್ತಾಳೆ, ಸರ್ವಿಸ್ ಮಾಡಿಸಿದ ವಾರ ಮಾತ್ರ ಹಾಕುವುದಿಲ್ಲ, ಕಾಯಿಲ್ ತೊಳೆದ ಕೆಮಿಕಲ್ ಬರುತ್ತದೆ ಅಂತ. ಅವಳ ಗಿಡದಲ್ಲಿ ಎಲೆಗೊಂದು ಹೂಜಿ. ಅದು ನೀರಿನ ಮಹಿಮೆಯೋ ಕರಾವಳಿಯ ತೇವದ ಮಹಿಮೆಯೋ ಅಂತ ನಾವಿಬ್ಬರೂ ಇನ್ನೂ ಜಗಳ ಆಡುತ್ತೇವೆ. ನಮ್ಮ ಮನೆಯಲ್ಲಿ ಎಸಿ ಇಲ್ಲ.

ಇನ್ನು ಮಳೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಎರಡು ಚದರ ಮೀಟರ್ ಟಾರ್ಪಾಲು ಕಟ್ಟಿದರೆ 20 ಮಿಲಿಮೀಟರ್ ಮಳೆಗೆ 40 ಲೀಟರ್. ನನ್ನ ಮೂರು ಕುಂಡಕ್ಕೆ ವಾರಕ್ಕೆ ಮೂರು ಲೀಟರ್ ಸಾಕು. ನವೆಂಬರಿನಿಂದ ಏಪ್ರಿಲ್‌ವರೆಗಿನ ಒಣ ದಿನಗಳಿಗೆ ಎಂಬತ್ತು ಲೀಟರ್, ಅಂದರೆ ಇಪ್ಪತ್ತು ಲೀಟರಿನ ನಾಲ್ಕು ಕ್ಯಾನು. ಬೆಂಗಳೂರಿನಲ್ಲಿ ಸೆಪ್ಟೆಂಬರ್ ಮಳೆ ಜೋರು, ಒಂದೆರಡು ಸಂಜೆಯಲ್ಲೇ ಎಲ್ಲವೂ ತುಂಬುತ್ತವೆ. ಮೊದಲ ಹತ್ತು ನಿಮಿಷದ ನೀರು ಬಿಟ್ಟುಬಿಡಬೇಕು, ಗಾಳಿಯ ಧೂಳೆಲ್ಲ ಅದರಲ್ಲಿರುತ್ತದೆ. ನಾನು ಅಳೆದಾಗ ಮೊದಲಿನದು 62, ಆಮೇಲಿನದು 11. ಕ್ಯಾನಿನ ಬಾಯಿಗೆ ಬಟ್ಟೆ ಬಿಗಿದು ಮುಚ್ಚಳ ಹಾಕಿ, ಇಲ್ಲದಿದ್ದರೆ ಗಿಡ ಸಾಕಲು ಹೋಗಿ ಸೊಳ್ಳೆ ಸಾಕುತ್ತೀರಿ.

ತೊಂದರೆ ಇಲ್ಲ ಅಂತಲ್ಲ. ತಾರಸಿಯ ಬೀಗದ ಕೈ ವಾಚ್‌ಮನ್ ಹತ್ತಿರ, ಮಳೆ ಬಂದಾಗ ಅವರು ಚಹಾಕ್ಕೆ ಹೋಗಿರುತ್ತಾರೆ. ಕ್ಯಾನು ಹೊತ್ತು ಮೂರು ಮಹಡಿ ಇಳಿಯಬೇಕು.

ಉಳಿದ ಆರೈಕೆ ಎಲ್ಲ ನೀರಿಗೂ ಒಂದೇ. ಬೆಳಗಿನ ಎಳೆ ಬಿಸಿಲು ಬೇಕು, ಗೊಬ್ಬರ ಮಣ್ಣಿಗೆ ಬೇಡ, ತಟ್ಟೆಯಲ್ಲಿ ನೀರು ನಿಲ್ಲಿಸಿ ಕುಂಡ ಇಡಬೇಡಿ. ಮನೆಗೆ ಬಂದ ಮಕ್ಕಳ ಮೇಲೆ ಒಂದು ಕಣ್ಣಿಡಿ. ನನ್ನ ಪುಟ್ಟ ಸೋದರಳಿಯ ಹೂಜಿಗೆ ಇಡ್ಲಿ ತಿನ್ನಿಸಿದ, ವಾರದಲ್ಲಿ ಹೂಜಿ ಕೊಳೆಯಿತು.

ಒಂದು ವರ್ಷ ಆದ ಮೇಲೆ ಮಳೆ ನೀರಿನ ಕುಂಡದಲ್ಲಿ ಏಳು ಹೂಜಿ, ಬ್ಯಾಟರಿಯದರಲ್ಲಿ ಆರು, ಆರ್‌ಒ ಕುಂಡದಲ್ಲಿ ಎರಡು. ಏಳಕ್ಕೂ ಆರಕ್ಕೂ ಏನೂ ವ್ಯತ್ಯಾಸವಿಲ್ಲ ಅಂತ ಗಂಡ ಹೇಳುತ್ತಾರೆ, ಒಪ್ಪುತ್ತೇನೆ. ಆದರೆ ನಾನು ಭಾನುವಾರ ಮಾತ್ರ ಗಿಡ ನೋಡುವವಳು, ನೀರಿಗೆ ದುಡ್ಡು ಕೊಡುವುದು ನನ್ನಿಂದ ಆಗದು. ಈಗ ಮೂರಕ್ಕೂ ಮಳೆ ನೀರೇ. ಬ್ಯಾಟರಿ ನೀರಿನ ಒಂದು ಕ್ಯಾನು ಮಾತ್ರ ಮಂಚದ ಕೆಳಗಿದೆ, ಏಪ್ರಿಲ್ ಕೊನೆಗೆ ಬೇಕಾದರೆ ಅಂತ.