ದೆಹಲಿಗೆ ನಾಯಿ, ಬೆಕ್ಕಿನ ಜೊತೆ: ವಿಮಾನದ ಕ್ಯಾಬಿನ್ನೋ, ರೈಲೋ?

ಬೆಂಗಳೂರಿನಿಂದ ದೆಹಲಿಗೆ ವಿಮಾನದಲ್ಲಿ ಮೂರು ಗಂಟೆ ಸಾಕು, ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಾದರೆ ಎರಡು ರಾತ್ರಿ. ಬೆಕ್ಕಿಗೆ ನಾನು ಕಣ್ಣು ಮುಚ್ಚಿ ವಿಮಾನವನ್ನೇ ಹೇಳುತ್ತೇನೆ.

ಆದರೆ ಎಲ್ಲ ವಿಮಾನದಲ್ಲೂ ಆಗಲ್ಲ. ಏರ್ ಇಂಡಿಯಾ ಕ್ಯಾಬಿನ್ನಿಗೆ ಬಿಡುತ್ತದೆ, ಆಕಾಸಾ 2022ರ ನವೆಂಬರ್‌ನಿಂದ ಬಿಡುತ್ತಿದೆ. ಇಂಡಿಗೋದಲ್ಲಿ ಅಂಗವಿಕಲರಿಗೆ ನೆರವಾಗುವ ತರಬೇತಿ ನಾಯಿ ಬಿಟ್ಟರೆ ಬೇರೆ ಪ್ರಾಣಿಗೆ ಜಾಗವಿಲ್ಲ. ತೂಕದ ಮಿತಿಯಲ್ಲಿ ಪ್ರಾಣಿಯನ್ನು ಕೂರಿಸುವ ಬ್ಯಾಗಿನ ತೂಕವೂ ಸೇರುತ್ತದೆ, ಹಾಗಾಗಿ ಬುಕ್ ಮಾಡುವ ಮೊದಲು ಎರಡನ್ನೂ ಒಟ್ಟಿಗೆ ತೂಗಿ ನೋಡಿ. ರೇಬೀಸ್ ಲಸಿಕೆ ದಾಖಲೆ, ಪಶುವೈದ್ಯರ ಫಿಟ್‌ನೆಸ್ ಸರ್ಟಿಫಿಕೇಟ್ ಬೇಕೇ ಬೇಕು. ದಾರಿಯುದ್ದಕ್ಕೂ ಬ್ಯಾಗಿನೊಳಗೇ ಇರಬೇಕು, ಪಾಪ, ಅದನ್ನು ಮನೆಯಲ್ಲೇ ರೂಢಿ ಮಾಡಿಸಿ. ಸುಮ್ನೆ ನಿದ್ದೆ ಮಾತ್ರೆ ಕೊಡಬೇಡಿ, ಮೇಲೆ ಹಾರುವಾಗ ಉಸಿರಾಟಕ್ಕೆ ತೊಂದರೆಯಾಗಬಹುದು.

ಲ್ಯಾಬ್ರಡಾರ್‌ನಂಥ ದೊಡ್ಡ ನಾಯಿ ಕ್ಯಾಬಿನ್ನಿಗೆ ಹಿಡಿಸುವುದಿಲ್ಲ, ಕೆಳಗೆ ಸರಕಿನ ಜಾಗಕ್ಕೆ ಹೋಗಬೇಕು. ಅದಕ್ಕಿಂತ ರೈಲಿನ ಫಸ್ಟ್ ಎಸಿ ಎಷ್ಟೋ ಮೇಲು. ಇಬ್ಬರ ಕೂಪೆ ಅಥವಾ ನಾಲ್ವರ ಕ್ಯಾಬಿನ್ ಪೂರ್ತಿ ನಿಮ್ಮದೇ ಆಗಿರಬೇಕು, ಒಬ್ಬರೇ ಹೊರಟರೆ ಖರ್ಚು ಜಾಸ್ತಿ. ನಾಯಿಯನ್ನು ಪಾರ್ಸೆಲ್ ಆಫೀಸಿನಲ್ಲಿ ಬುಕ್ ಮಾಡಿಸಬೇಕು. ಸೆಕೆಂಡ್ ಎಸಿ, ಥರ್ಡ್ ಎಸಿ, ಸ್ಲೀಪರ್‌ಗೆ ದೊಡ್ಡ ನಾಯಿಯನ್ನು ಬಿಡುವುದಿಲ್ಲ.

ಪಗ್ ನಾಯಿ ಇದ್ದರೆ? ಮೊಂಡು ಮೂಗು, ಉಸಿರಾಟವೇ ಕಷ್ಟ. ತೂಕ ಹೊಂದಿದರೆ, ವೈದ್ಯರು ಒಪ್ಪಿದರೆ ಕ್ಯಾಬಿನ್, ಇಲ್ಲವಾದರೆ ರೈಲು. ಸರಕಿನ ಜಾಗಕ್ಕೆ ಮಾತ್ರ ಖಂಡಿತ ಹಾಕಬೇಡಿ.