ಗೇಟಿನೊಳಗಿನ ಕರೆಂಟ್ ಕಂಪನಿ: ಎರಡು ವರ್ಷದ ಅನುಭವ, ಐದಕ್ಕೆ ಎರಡೂವರೆ

ಇದು ಸೆಸ್ಕ್ (ಮೈಸೂರು ಕಡೆಯ ಸರ್ಕಾರಿ ಕರೆಂಟ್ ಹಂಚಿಕೆ ಕಂಪನಿ) ರಿವ್ಯೂ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ನಮ್ಮ ಅಪಾರ್ಟ್‌ಮೆಂಟ್ ಗೇಟಿನ ಒಳಗೆ ಕರೆಂಟ್ ಹಂಚುವ ಖಾಸಗಿ ಏಜೆನ್ಸಿ ಇದೆಯಲ್ಲ, ಅದರ ರಿವ್ಯೂ. ಹೆಸರು ಹಾಕುವುದಿಲ್ಲ. ನಾಳೆ ಎಂಸಿಬಿ ಬಿದ್ದರೆ ಮತ್ತೆ ಅವರನ್ನೇ ಕರೆಯಬೇಕು. ಮೈಸೂರಿನ ರಿಂಗ್ ರೋಡ್ ಆಚೆ, ನಾಲ್ಕು ಬ್ಲಾಕ್, 96 ಮನೆ, ಇಷ್ಟು ಸಾಕು.

ನಮ್ಮ ಮನೆಗೆ ಆರ್‌ಆರ್ ನಂಬರ್, ಅಂದರೆ ಸೆಸ್ಕ್ ಕೊಡುವ ಕನೆಕ್ಷನ್ ನಂಬರ್, ಇಲ್ಲ. ಇದು ಫ್ಲ್ಯಾಟ್ ತಗೊಳ್ಳುವಾಗ ನನಗೆ ಗೊತ್ತೇ ಇರಲಿಲ್ಲ, ಕೇಳಬೇಕು ಅಂತಲೂ ಹೊಳೆಯಲಿಲ್ಲ. ಇಡೀ ಅಪಾರ್ಟ್‌ಮೆಂಟಿಗೆ ಒಂದೇ ಎಚ್‌ಟಿ (ಹೈ ಟೆನ್ಷನ್) ಕನೆಕ್ಷನ್. 11 ಕೆವಿ ಕೇಬಲ್ ಗೇಟ್ ಪಕ್ಕದ ಮೀಟರಿಂಗ್ ಕ್ಯೂಬಿಕಲ್‌ವರೆಗೆ ಬರುತ್ತದೆ, ಸೆಸ್ಕ್ ಮೀಟರ್ ಅಲ್ಲಿದೆ, ಅಲ್ಲಿಗೆ ಸರ್ಕಾರ ಮುಗಿಯಿತು. ಅಲ್ಲಿಂದ ಈಚೆಗಿನ ಎರಡು ಟಿಸಿ (ಟ್ರಾನ್ಸ್‌ಫಾರ್ಮರ್), ಕೇಬಲ್, ಪ್ಯಾನೆಲ್, ಮನೆಮನೆಯ ಮೀಟರ್, ಜನರೇಟರ್ ಎಲ್ಲ ಬಿಲ್ಡರ್ ಹಾಕಿಸಿದ್ದು. ಬಿಲ್ಡರ್ ಕರೆತಂದ ಏಜೆನ್ಸಿ ಅದನ್ನೆಲ್ಲ ನೋಡಿಕೊಳ್ಳುತ್ತದೆ, ನಮ್ಮಿಂದ ದುಡ್ಡು ಕಟ್ಟಿಸಿಕೊಳ್ಳುತ್ತದೆ. ಗೃಹಜ್ಯೋತಿ ಬಂದಾಗ ಎಲ್ಲರ ಹಾಗೆ ನಾನೂ ಅರ್ಜಿ ಹಾಕೋಣ ಅಂತ ಕೂತೆ. ಬಿಲ್ಲಿನಲ್ಲಿರುವ ಅಕೌಂಟ್ ಐಡಿ ಹಾಕಿ ಅಂತ ಕೇಳಿತು. ಯಾವ ಬಿಲ್ಲು? ನನ್ನ ಹತ್ತಿರ ಇರುವುದು ಒಂದು ರೀಚಾರ್ಜ್ ಆ್ಯಪ್.

ಒಳ್ಳೆಯದನ್ನು ಮೊದಲು ಹೇಳುತ್ತೇನೆ, ಇಲ್ಲದಿದ್ದರೆ ಎರಡೂವರೆ ಎಲ್ಲಿಂದ ಬಂತು ಅಂತ ಕೇಳುತ್ತೀರಿ. ಆ್ಯಪ್ ಚೆನ್ನಾಗಿದೆ. ದಿನಕ್ಕೆ ಎಷ್ಟು ಯೂನಿಟ್ ಉರಿಯಿತು, ಗೀಸರ್ ಹಾಕಿದ ಹೊತ್ತಿಗೆ ಎಷ್ಟು ಏರಿತು, ಎಲ್ಲ ಕಾಣುತ್ತದೆ. ಸೈಟಿನಲ್ಲೇ ಇರುವ ಎಲೆಕ್ಟ್ರಿಷಿಯನ್ ಹುಡುಗ ಕೆ.ಆರ್. ಪೇಟೆ ಕಡೆಯವನು, ಚಿನ್ನದಂಥವನು. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದರೂ ಹತ್ತು ನಿಮಿಷದಲ್ಲಿ ಟೆಸ್ಟರ್ ಹಿಡಿದು ಬಾಗಿಲಲ್ಲಿ ನಿಂತಿರುತ್ತಾನೆ. ಸಣ್ಣಪುಟ್ಟ ಕೆಲಸಕ್ಕೆ ಇವರಿಗೆ ಐದಕ್ಕೆ ಐದು ಕೊಡುತ್ತೇನೆ, ಬೇಜಾರಿಲ್ಲ.

ತೊಂದರೆ ಶುರುವಾಗುವುದು ದೊಡ್ಡದೇನಾದರೂ ಕೆಟ್ಟಾಗ.

ಕಳೆದ ಗೌರಿ ಹಬ್ಬದ ಹಿಂದಿನ ದಿನ. ಮಧ್ಯಾಹ್ನ ಮೂರು ಗಂಟೆ, ಹೊರಗೆ ಜೋರು ಮಳೆ, ಒಳಗೆ ಒಬ್ಬಟ್ಟಿನ ಹೂರಣ ರುಬ್ಬುವುದಕ್ಕೆ ಗ್ರೈಂಡರ್ ಹಾಕಿದ್ದೆವು. ಕರೆಂಟ್ ಹೋಯಿತು, ಅರ್ಧ ನಿಮಿಷದಲ್ಲಿ ಜನರೇಟರ್ ಬಂತು. ಆದರೆ ಜನರೇಟರ್ ಮೇಲೆ ಮನೆಗೆ ಒಂದು ಕಿಲೋವ್ಯಾಟ್ ಮಿತಿ. ಫ್ರಿಜ್, ಲೈಟು, ಫ್ಯಾನು ಉರಿಯುವಾಗ ಗ್ರೈಂಡರ್ ಜೊತೆಗೆ ಇನ್ನೊಂದೇನಾದರೂ ಹಾಕಿದರೆ ಮೀಟರೇ ಕಟ್ ಮಾಡಿ ಕೂರುತ್ತದೆ. ಮೂರು ಸಲ ಕಟ್ಟಾದ ಮೇಲೆ ನನ್ನ ಹೆಂಡತಿ ಹೂರಣ ಎತ್ತಿಕೊಂಡು ಡಿ ಬ್ಲಾಕಿನ ಗೆಳತಿ ಮನೆಗೆ ಹೋದಳು. ಅಲ್ಲಿ ಕರೆಂಟ್ ಇತ್ತು.

ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಏಜೆನ್ಸಿಯ ಮ್ಯಾನೇಜರ್ ಮೆಸೇಜ್ ಹಾಕಿದರು: ಕೆಇಬಿ ಕಡೆ ಫಾಲ್ಟ್, ದಯವಿಟ್ಟು ಸಹಕರಿಸಿ. (ಕೆಇಬಿ ಹೋಗಿ 1999ರಲ್ಲೇ ಕೆಪಿಟಿಸಿಎಲ್ ಬಂತು, ಆಮೇಲೆ ಹಂಚಿಕೆ ಕಂಪನಿಗಳು ಬಂದವು, 2005ರಲ್ಲಿ ಮೆಸ್ಕಾಂನಿಂದ ಬೇರೆಯಾಗಿ ನಮ್ಮ ಸೆಸ್ಕ್ ಶುರುವಾಯಿತು. ಬೈಯೋಕೆ ಮಾತ್ರ ಇವತ್ತಿಗೂ ಕೆಇಬಿಯೇ ಬೇಕು ನಮಗೆ.) ಆ ಮೆಸೇಜನ್ನು ನಾನು ಜೋರಾಗಿ ಓದಿದೆ. ಅಪ್ಪ ಕೇಳಿಸಿಕೊಂಡರು. ಅಪ್ಪ ಮಳವಳ್ಳಿ ಕಡೆ ಲೈನ್‌ಮನ್ ಆಗಿ ರಿಟೈರ್ ಆದವರು.

"ಡಿ ಬ್ಲಾಕಲ್ಲಿ ಗ್ರೈಂಡರ್ ತಿರುಗ್ತಾ ಅದೆ. ಕೆಇಬಿ ಫಾಲ್ಟ್ ಹೆಂಗ್ಲಾ ಆಯ್ತದೆ?"

ಅಷ್ಟೇ ಸಾಕಾಯಿತು. ಸೆಸ್ಕ್ ದೂರಿನ ನಂಬರ್ 1912ಕ್ಕೆ ಫೋನ್ ಮಾಡಿದೆ. ಫೀಡರ್ ಲೈನಿನಲ್ಲಿ ಕರೆಂಟ್ ಇದೆ, ಕ್ಯೂಬಿಕಲ್‌ವರೆಗೂ ಸಪ್ಲೈ ಇದೆ, ಮುಂದಿನದು ನಿಮ್ಮ ಕಡೆಯವರೇ ನೋಡಬೇಕು ಅಂದರು. ಅಪ್ಪ ಪಂಚೆ ಮೇಲೆ ಕಟ್ಟಿಕೊಂಡು ಛತ್ರಿ ಹಿಡಿದು ಕೆಳಗೆ ಇಳಿದರು. ಹುಡುಗ ಮೆಗ್ಗರ್ (ಕೇಬಲ್ ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಹಾಕಿ ನೋಡಿದ. ನಮ್ಮ ಮೂರು ಬ್ಲಾಕಿಗೆ ಹೋಗುವ ಕೇಬಲ್ಲೇ ಹೋಗಿತ್ತು. ಟಿಸಿಯಿಂದ ಪ್ಯಾನೆಲ್‌ಗೆ ಬರುವ ದಾರಿಯಲ್ಲಿ ಎಲ್ಲೋ ಒಂದು ಜಾಯಿಂಟ್ ಹಾಕಿದ್ದಾರೆ, ಆ ಗುಂಡಿಯಲ್ಲಿ ನೀರು ನಿಂತಿದೆ, ಜಾಯಿಂಟ್ ಒಳಗೆ ನೀರು ಇಳಿದಿದೆ. ಜಾಯಿಂಟ್ ಕಿಟ್ ಸ್ಟಾಕ್ ಇಲ್ಲ. ಹಬ್ಬ, ಅಂಗಡಿ ಬಂದ್. ಬೆಂಗಳೂರಿನಿಂದ ತರಿಸಿ ಹಾಕುವಷ್ಟರಲ್ಲಿ ಮಾರನೇ ದಿನ ರಾತ್ರಿ ಹತ್ತು ಗಂಟೆ. ಒಟ್ಟು 31 ಗಂಟೆ.

ಕೇಬಲ್ ಹೋಗುವುದು ದೊಡ್ಡ ವಿಷಯ ಅಲ್ಲ, ಅಪ್ಪನೇ ಹೇಳುತ್ತಾರೆ. ನನಗೆ ಸಿಟ್ಟು ಬಂದಿದ್ದು ಆಮೇಲೆ, ಆ್ಯಪ್ ತೆಗೆದು ನೋಡಿದಾಗ. ಆ 31 ಗಂಟೆಯಲ್ಲಿ ನಮ್ಮ ಮನೆಗೆ 13 ಯೂನಿಟ್ ಜನರೇಟರ್ ಕರೆಂಟ್, ಯೂನಿಟ್‌ಗೆ 34 ರೂಪಾಯಿ, ಒಟ್ಟು 442 ರೂಪಾಯಿ ಕಟ್. ಮಾಮೂಲಿ ಕರೆಂಟಿಗೆ ಇವರು ಹಾಕುವುದು 8.50. ಅದೇ 13 ಯೂನಿಟ್ 110 ರೂಪಾಯಿಗೆ ಮುಗಿಯುತ್ತಿತ್ತು. ಇವರ ಜಾಯಿಂಟ್, ಇವರ ಗುಂಡಿ, ಇವರ ಸ್ಟಾಕ್ ಇಲ್ಲದ್ದು, ದುಡ್ಡು ಮಾತ್ರ ನನ್ನದು.

ಮ್ಯಾನೇಜರ್ ಹೇಳಿದ್ದರಲ್ಲೂ ಸುಳ್ಳಿಲ್ಲ. ಲೀಟರ್ ಡೀಸೆಲ್‌ಗೆ ಮೂರು, ಮೂರೂವರೆ ಯೂನಿಟ್ ಬರುತ್ತದೆ, 34ರಲ್ಲಿ ನಮಗೇನೂ ದೊಡ್ಡ ಲಾಭ ಇಲ್ಲ ಸಾರ್ ಅಂದರು. ಒಪ್ಪಿದೆ. ಆದರೆ ನಷ್ಟವೂ ಇಲ್ಲವಲ್ಲ? ಬೇರೆ ಕಡೆ ಹಂಚಿಕೆ ಕಂಪನಿ, ಸರ್ಕಾರದ್ದಿರಲಿ ಖಾಸಗಿಯಿರಲಿ, ಲೈನ್ ಹೋದರೆ ಅಷ್ಟು ಹೊತ್ತು ವ್ಯಾಪಾರ ನಿಂತಂತೆ. ಇಲ್ಲಿ ಲೈನ್ ಹೋದರೆ ವ್ಯಾಪಾರ ನಾಲ್ಕು ಪಟ್ಟು ದರದಲ್ಲಿ ನಡೆಯುತ್ತದೆ. ಹಾಗಿದ್ದ ಮೇಲೆ ಜಾಯಿಂಟ್ ಕಿಟ್ ಸ್ಟಾಕ್ ಇಟ್ಟುಕೊಳ್ಳುವ ಅವಸರ ಯಾರಿಗಿದೆ?

ಅವರ ಕಾಂಟ್ರಾಕ್ಟ್ ಕಾಪಿ ಕೇಳಿ ತೆಗೆಸಿ ಓದಿದೆ. ಇಷ್ಟು ಗಂಟೆಯಲ್ಲಿ ಸರಿ ಮಾಡಬೇಕು ಅಂತ ಒಂದು ಸಾಲೂ ಇಲ್ಲ. ಗೇಟಿನ ಆಚೆ ಹಾಗಲ್ಲ. ಕೆಇಆರ್‌ಸಿ (ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ) ನಿಯಮದಲ್ಲಿ ಪಟ್ಟಣದಲ್ಲಿ ಫ್ಯೂಸ್ ಹೋದರೆ 6 ಗಂಟೆ, ಟಿಸಿ ಸುಟ್ಟರೆ ಪಟ್ಟಣದಲ್ಲಿ 24 ಗಂಟೆ, ಹಳ್ಳಿಯಲ್ಲಿ 72 ಗಂಟೆ ಅಂತ ಲೆಕ್ಕ ಇದೆ. ತಡವಾದರೆ ಪರಿಹಾರ ಕೇಳಬಹುದು, ಗ್ರಾಹಕರ ಕುಂದುಕೊರತೆ ವೇದಿಕೆಗೆ ಹೋಗಬಹುದು, ಅಲ್ಲೂ ಆಗದಿದ್ದರೆ ಓಂಬುಡ್ಸ್‌ಮನ್ ಇದ್ದಾರೆ. ದರ ಏರಿಸಬೇಕು ಅಂದರೆ ಆಯೋಗದವರು ಮೈಸೂರಿಗೇ ಬಂದು ಸಾರ್ವಜನಿಕ ವಿಚಾರಣೆ ಮಾಡುತ್ತಾರೆ, ರೈತರು, ಕೈಗಾರಿಕೆಯವರು ನಿಂತು ಜಗಳ ಆಡುತ್ತಾರೆ. ನಮ್ಮ 34 ರೂಪಾಯಿ ನಿಗದಿಯಾಗಿದ್ದು ಒಂದು ವಾಟ್ಸ್ಆ್ಯಪ್ ಮೆಸೇಜಿನಲ್ಲಿ. ಕೆಳಗೆ ನಾಲ್ಕು ಜನ ಹೆಬ್ಬೆರಳು ಒತ್ತಿದ್ದರು.

ಇನ್ನೊಂದು ವಿಷಯ, ಇದನ್ನು ಹಿಡಿದವರೂ ಅಪ್ಪನೇ. ಮಾಡೋಕೆ ಕೆಲಸ ಇಲ್ಲದೆ ಗೇಟ್ ಮೀಟರ್ ರೀಡಿಂಗ್ ಬರೆದಿಟ್ಟುಕೊಂಡರು. ಒಂದು ತಿಂಗಳಿಗೆ ಗೇಟಿನಲ್ಲಿ ಒಳಗೆ ಬಂದಿದ್ದು 24,600 ಯೂನಿಟ್. ಮನೆಗಳ ಮೀಟರ್, ಲಿಫ್ಟು, ಕಾಮನ್ ಲೈಟು ಎಲ್ಲ ಕೂಡಿದರೆ 22,300. ಉಳಿದ 2,300 ಎಲ್ಲಿ? ಶೇಕಡಾ 9ರ ಮೇಲಾಯಿತು. ಟಿಸಿಯಲ್ಲಿ, ಕೇಬಲ್‌ನಲ್ಲಿ ಸ್ವಲ್ಪ ಹೋಗುತ್ತದೆ, ಸರಿ. ಆದರೆ ನೂರಿನ್ನೂರು ಮೀಟರ್ ಕೇಬಲ್‌ಗೆ ಇಷ್ಟೊಂದಾ? ಹುಡುಕಿದರೆ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಿಸುವ ಘಟಕ) ಮೋಟರಿಗೆ ಮೀಟರೇ ಹಾಕಿಲ್ಲ. ಆ ಲಾಸ್ ಎಲ್ಲ ನಮ್ಮ 8.50ರೊಳಗೆ ಸೇರಿಕೊಂಡು ಬರುತ್ತಿತ್ತು.

ದೆಹಲಿಯಲ್ಲಿರುವ ನನ್ನ ಭಾವಮೈದನಿಗೆ ಇದನ್ನು ಹೇಳಿದೆ. ಖಾಸಗಿ ಅಂದರೆ ಬೈಬೇಡಿ ಭಾವ, ನಮ್ಮಲ್ಲಿ ಇಡೀ ಊರಿನ ನಷ್ಟವೇ ಅಷ್ಟಿಲ್ಲ ಅಂದ. ನಿಜವೇ. 2002ರಲ್ಲಿ ದೆಹಲಿಯ ಹಂಚಿಕೆಯನ್ನು ಮೂರು ಕಂಪನಿ ಮಾಡಿ ಶೇ 51 ಪಾಲು ಖಾಸಗಿಯವರಿಗೆ ಕೊಟ್ಟಾಗ ಕಳ್ಳತನ, ವಸೂಲಾಗದ್ದು ಎಲ್ಲ ಸೇರಿ ಅರ್ಧದಷ್ಟು ಕರೆಂಟಿನ ದುಡ್ಡು ಕೈಗೆ ಬರುತ್ತಿರಲಿಲ್ಲ. ಈಗ ಅದು ಶೇ 10ರ ಒಳಗೆ. ಇದು ಸಣ್ಣ ಸಾಧನೆ ಅಲ್ಲ. ಆದರೆ ಅಲ್ಲೂ ಗ್ರಾಹಕರ ದರಕ್ಕೆ ಸೇರಿಸಿ ವಸೂಲು ಮಾಡದೆ ಮುಂದಕ್ಕೆ ಹಾಕುತ್ತಾ ಬಂದ, ಕಂಪನಿಗಳಿಗೆ ಬರಬೇಕಾದ ಬಾಕಿ 27,000 ಕೋಟಿ ದಾಟಿ, 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನೆಲ್ಲ ಕಾಲಮಿತಿಯಲ್ಲಿ ತೀರಿಸಿ ಅನ್ನಬೇಕಾಯಿತು. ಕೊನೆಗೆ ಕಟ್ಟುವವನು ಭಾವಮೈದನೇ.

ಒಡಿಶಾ ಕಥೆ ಇನ್ನೂ ಮಜಾ ಇದೆ. ದೇಶದಲ್ಲೇ ಮೊದಲು, 1999ರಲ್ಲಿ, ಹಂಚಿಕೆಯನ್ನು ಖಾಸಗಿಗೆ ಕೊಟ್ಟವರು ಅವರು. ಅದೇ ವರ್ಷ ಸೂಪರ್ ಸೈಕ್ಲೋನ್ ಬಂದು ಕಂಬಗಳು ಮಲಗಿದವು. ಒಂದು ಭಾಗ ನೋಡಿಕೊಳ್ಳುತ್ತಿದ್ದ ಅಮೆರಿಕದ ಎಇಎಸ್ 2001ರಲ್ಲಿ ಗಂಟುಮೂಟೆ ಕಟ್ಟಿತು. ಉಳಿದ ಮೂರರ ಲೈಸೆನ್ಸನ್ನು 2015ರಲ್ಲಿ ಅಲ್ಲಿನ ವಿದ್ಯುತ್ ಆಯೋಗವೇ ಕಿತ್ತುಕೊಂಡಿತು. ಈಗ 2020–21ರಿಂದ ನಾಲ್ಕೂ ಟಾಟಾ ಪವರ್ ಕೈಯಲ್ಲಿವೆ, ಅದೇ ಶೇ 51. ಕೊಟ್ಟರು, ಕಿತ್ತುಕೊಂಡರು, ಮತ್ತೆ ಕೊಟ್ಟರು. ನನ್ನ ಕಣ್ಣಿಗೆ ಬಿದ್ದಿದ್ದು ನಡುವಿನದು: ಕಿತ್ತುಕೊಳ್ಳುವುದಕ್ಕೆ ಅಲ್ಲಿ ಒಬ್ಬರಿದ್ದರು. ನಮ್ಮ ಗೇಟಿನೊಳಗೆ ಯಾರಿದ್ದಾರೆ?

ಅಪ್ಪನಿಗೆ ಇದೆಲ್ಲ ಹೊಸದೇನೂ ಅಲ್ಲ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ಲೈನ್ ಎಳೆದು ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕೊಟ್ಟರಲ್ಲ, ಲೈನು ಮಹಾರಾಜರ ಸರ್ಕಾರದ್ದು, ಗಿರಾಕಿ ಇಂಗ್ಲಿಷ್ ಕಂಪನಿ. "ಕರೆಂಟ್ ಹುಟ್ಟಿದ್ದು ನಮ್ಮ ತಾಲ್ಲೂಕಲ್ಲಿ, ಮೊದಲು ಹೋಗಿದ್ದು ಕಂಪನಿಗೆ" ಅನ್ನುತ್ತಾರೆ, ಪ್ರತಿ ಸಲವೂ, ಯಾರು ಸಿಕ್ಕಿದರೂ. ಹುಕ್ಕೇರಿಯಲ್ಲಿ 1969ರಿಂದ ಸಹಕಾರ ಸಂಘವೇ ಕರೆಂಟ್ ಹಂಚುತ್ತಿದೆ, ನಾವೂ 96 ಜನ ಸೇರಿ ಸಂಘ ಮಾಡಿ ನಡೆಸೋಣ ಅಂತ ಒಬ್ಬರು ಮೀಟಿಂಗಿನಲ್ಲಿ ಹೇಳಿದರು. ಗಣೇಶನ ಚಂದಾ ಲೆಕ್ಕವೇ ಇನ್ನೂ ಮುಗಿದಿಲ್ಲ, ಬೇಡ ಅಂದೆ.

ಈಗ ದಾರಿ ಏನಿದೆ ಅಂದರೆ, ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ 2024ರ ಫೆಬ್ರವರಿಯಲ್ಲಿ ಕೇಂದ್ರ ತಿದ್ದುಪಡಿ ತಂದಿದೆ. ನಮ್ಮಂಥ ಕಡೆ ಒಂದೇ ಕನೆಕ್ಷನ್ ಇರಬೇಕೋ, ಮನೆಮನೆಗೆ ಬೇರೆ ಕನೆಕ್ಷನ್ ಬೇಕೋ ಅಂತ ನಿವಾಸಿಗಳೇ ಆರಿಸಬಹುದು. ಹಂಚಿಕೆ ಕಂಪನಿ ಮತದಾನ ನಡೆಸುತ್ತದೆ, ಅರ್ಧಕ್ಕಿಂತ ಜಾಸ್ತಿ ಜನ ಯಾವುದು ಅಂತಾರೋ ಅದು. ಜನರೇಟರ್ ಕರೆಂಟಿನ ಬಿಲ್, ಕಾಮನ್ ಏರಿಯಾ ಬಿಲ್ ಬೇರೆಬೇರೆಯಾಗಿಯೇ ತೋರಿಸಬೇಕು. ಬಿಲ್ಡರ್ ಆಗಲಿ ಏಜೆನ್ಸಿಯಾಗಲಿ ಇದನ್ನು ಯಾವತ್ತೂ ನಮಗೆ ಹೇಳಿರಲಿಲ್ಲ. ಯಾಕೆ ಹೇಳುತ್ತಾರೆ, ಅಲ್ವಾ?

ಫ್ಲ್ಯಾಟ್ ನೋಡಲು ಹೋಗುವವರು ಜಿಮ್ಮು, ಸ್ವಿಮ್ಮಿಂಗ್ ಪೂಲ್ ಆಮೇಲೆ ನೋಡಿ. ನನ್ನ ಹೆಸರಿಗೆ ಆರ್‌ಆರ್ ನಂಬರ್ ಬರುತ್ತದಾ ಅಂತ ಕೇಳಿ. "ಹಂಡ್ರೆಡ್ ಪರ್ಸೆಂಟ್ ಪವರ್ ಬ್ಯಾಕಪ್" ಅಂದರೆ ಯೂನಿಟ್‌ಗೆ ಎಷ್ಟು, ಮನೆಗೆ ಎಷ್ಟು ಕಿಲೋವ್ಯಾಟ್, ಫಾಲ್ಟ್ ಒಳಗಿನದಾದರೆ ಆ ಡೀಸೆಲ್ ದುಡ್ಡು ಯಾರದು ಅಂತ ಬರೆಸಿಕೊಳ್ಳಿ. ಮೂರನೆಯದಕ್ಕೆ ಸೇಲ್ಸ್ ಹುಡುಗ ತಲೆ ಕೆರೆದುಕೊಳ್ಳುತ್ತಾನೆ, ನೋಡಿ ಬೇಕಾದರೆ.

ಸೆಸ್ಕ್‌ಗೆ ಮತದಾನ ನಡೆಸಿ ಅಂತ ಅರ್ಜಿ ರೆಡಿ ಮಾಡಿದ್ದೇವೆ, ಸಹಿ ಪಟ್ಟಿ ಸೆಕ್ಯುರಿಟಿಯವರ ಟೇಬಲ್ ಮೇಲಿದೆ. ಅರ್ಧಕ್ಕಿಂತ ಜಾಸ್ತಿ ಆದ ಮೇಲೆ ಕೊಡೋಣ ಅಂತ, ಅಂದರೆ 49 ಬೇಕು. ನಿನ್ನೆ ರಾತ್ರಿಗೆ 43 ಆಗಿದೆ. ಡಿ ಬ್ಲಾಕಿನಿಂದ, ಅವತ್ತು ಹೂರಣ ರುಬ್ಬಿಕೊಳ್ಳಲು ಬಿಟ್ಟ ಆ ಗೆಳತಿ ಒಬ್ಬರೇ ಸಹಿ ಹಾಕಿದ್ದಾರೆ, ಉಳಿದವರು ಇನ್ನೂ ಬಂದಿಲ್ಲ. ಅವತ್ತು ಅವರ ಕೇಬಲ್ ಹೋಗಿರಲಿಲ್ಲವಲ್ಲ.