‘ಅವಳು ಮೀಸೆ ತಿರುವಿದನು’: ಸಹಿ ಹಾಕುವ ಮುಂಚೆ ಇದನ್ನೊಮ್ಮೆ ಓದಿ

ಮೇಲಿನ ಸಾಲು ನಾನು ಬರೆದದ್ದಲ್ಲ. ಆದರೆ ನನ್ನ ಪುಸ್ತಕದ 31ನೇ ಪುಟದಲ್ಲಿ ಅಚ್ಚಾಗಿದೆ. ಅದನ್ನು ಅಚ್ಚು ಹಾಕಿಸಲು ದುಡ್ಡು ಕೊಟ್ಟವನೂ ನಾನೇ. ಗೇ ಪ್ರೇಮಕಥೆ ಬರೆಯುವವರು, ಅದರಲ್ಲೂ ಬೇರೆ ಹೆಸರಿಟ್ಟುಕೊಂಡು ಬರೆಯುವವರು, ಪ್ರಕಾಶಕರ ಒಪ್ಪಂದಕ್ಕೆ ಓದದೆ ಸಹಿ ಹಾಕಿ ನನ್ನ ಥರ ಮೋಸ ಹೋಗಬೇಡಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಾನು ತುಮಕೂರಿನವನು. ಹಗಲು ಅಂತರಸನಹಳ್ಳಿ ಕಡೆ ಒಂದು ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತೇನೆ, ರಾತ್ರಿ ಕಥೆ ಬರೆಯುತ್ತೇನೆ. ಆರು ವರ್ಷದಲ್ಲಿ ಐದು ಕಿರುಕಾದಂಬರಿ ಮುಗಿಸಿದ್ದೆ. ಐದರಲ್ಲೂ ಇಬ್ಬರು ಗಂಡಸರ ಪ್ರೀತಿ ಇದೆ, ಆದರೆ ಒಂದರ ಥರ ಇನ್ನೊಂದಿಲ್ಲ. ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ನಡೆದ ಕೊಲೆಯ ಪತ್ತೇದಾರಿ ಒಂದು. ದೇವರಾಯನದುರ್ಗದ ಕಾಡಿನ ದೆವ್ವದ ಕಥೆ ಇನ್ನೊಂದು. ಪಾವಗಡದ ಸೋಲಾರ್ ಪಾರ್ಕಿನಲ್ಲಿ 2090ರಲ್ಲಿ ನಡೆಯುವ ವಿಜ್ಞಾನ ಕಥೆ ಮೂರನೆಯದು. ನಾಲ್ಕನೆಯದರಲ್ಲಿ ಶಿರಾ ಮೊಘಲರ ಸುಬಾ, ಅಂದರೆ ಪ್ರಾಂತ್ಯ, ಆಗಿದ್ದ ಕಾಲದ ಒಬ್ಬ ಕುದುರೆ ಸವಾರ, ಅವನ ಮೇಲೆ ಮನಸ್ಸಿಟ್ಟ ಒಬ್ಬ ಲೆಕ್ಕದ ಗುಮಾಸ್ತ. (ಗುಮಾಸ್ತ ಯಾರು ಅಂತ ಕೇಳಬೇಡಿ.) ಐದನೆಯದು ನಾಟಕ ಕಂಪನಿಯದು.

ಗೇ ಕಥೆ ಅಂದರೆ ಮನೆಯವರಿಗೆ ಗೊತ್ತಾಗೋದು, ಅಳೋದು, ಕೊನೆಗೆ ಒಬ್ಬ ಸಾಯೋದು, ಇಷ್ಟೇ ಯಾಕಿರಬೇಕು? ನಮ್ಮವರೂ ಕೊಲೆಗಾರನನ್ನು ಹಿಡಿಯಲಿ, ದೆವ್ವ ನೋಡಿ ಓಡಲಿ, ಬೆಳಗ್ಗೆ ಕ್ಯಾತ್ಸಂದ್ರದಲ್ಲಿ ಒಟ್ಟಿಗೆ ತಟ್ಟೆ ಇಡ್ಲಿ ತಿನ್ನಲಿ ಅನ್ನೋದು ನನ್ನ ಆಸೆಯಾಗಿತ್ತು.

ಕನ್ನಡದಲ್ಲಿ ಇದನ್ನು ಬರೆಯೋದು ಸುಲಭ ಅಲ್ಲ. ‘ಅವನು ಅವನ ಕೈ ಹಿಡಿದನು’ ಅಂತ ಬರೆದರೆ ಯಾರ ಕೈ ಯಾರು ಹಿಡಿದರು? ಗಂಡು ಹೆಣ್ಣಿನ ಕಥೆ ಬರೆಯುವವರಿಗೆ ಈ ತಲೆನೋವಿಲ್ಲ, ನು ಮತ್ತು ಳು ಎಲ್ಲಾ ಕೆಲಸ ಮಾಡಿಬಿಡುತ್ತವೆ. ನಾವು ಒಬ್ಬನಿಗೆ ‘ಇವನು’ ಅನ್ನಬೇಕು, ಇನ್ನೊಬ್ಬನಿಗೆ ‘ಅವನು’ ಅನ್ನಬೇಕು, ‘ತನ್ನ’ ಅನ್ನೋದನ್ನು ಜಾಗ ನೋಡಿ ಇಡಬೇಕು, ಅದೂ ಆಗದಿದ್ದರೆ ಹೆಸರನ್ನೇ ಮತ್ತೆ ಮತ್ತೆ ಹೇಳಬೇಕು. ಒಂದು ಮುತ್ತಿನ ದೃಶ್ಯ ತಿದ್ದೋಕೆ ನಾನು ಒಂದು ವಾರ ತಗೊಂಡಿದ್ದೆ. ನಾಟಕ ಕಂಪನಿಯ ಕಥೆಯಲ್ಲಂತೂ ಇದನ್ನೇ ಆಟ ಮಾಡಿದ್ದೆ. ಗುಬ್ಬಿ ಕಂಪನಿ 1884ರಲ್ಲಿ ಹುಟ್ಟಿದ್ದು ನಮ್ಮ ಜಿಲ್ಲೆಯಲ್ಲೇ ಅಲ್ವಾ, ಹಳೇ ಕಂಪನಿಗಳಲ್ಲಿ ಗಂಡಸರೇ ಹೆಣ್ಣಿನ ಪಾತ್ರ ಮಾಡುತ್ತಿದ್ದ ಕಥೆಗಳನ್ನು ಕೇಳಿಕೊಂಡೇ ಬೆಳೆದವನು ನಾನು. ನನ್ನ ಕಥೆಯಲ್ಲಿ ಸ್ತ್ರೀಪಾತ್ರ ಮಾಡುವವನು ರಂಗದ ಮೇಲೆ ಇರುವಾಗ ‘ಬಂದಳು, ನಕ್ಕಳು’. ಬಣ್ಣ ಒರೆಸಿದ ಮೇಲೆ ‘ಬಂದನು, ನಕ್ಕನು’. ಹಾರ್ಮೋನಿಯಂ ನುಡಿಸುವವನಿಗೆ ಮಾತ್ರ ಒಂದು ಸಾರಿ ಎರಡೂ ಕಲಸಿಹೋಗುತ್ತದೆ. ಆ ಕಲಸಿಹೋಗೋದೇ ಕಥೆ.

ಇನ್ನು ಪ್ರಕಾಶಕರ ವಿಷಯ. ಹೆಸರು ಹೇಳಲ್ಲ, ಬೆಂಗಳೂರಿನವರು. ನನ್ನ ಪತ್ತೇದಾರಿ ಕಥೆಯನ್ನು ಯಾರೋ ಕಳಿಸಿದ್ದರಂತೆ, ಅವರೇ ಫೋನ್ ಮಾಡಿದರು. ಕ್ಯಾತ್ಸಂದ್ರದಲ್ಲೇ ಭೇಟಿ. ‘ಸಾರ್, ಇಂಥದ್ದು ಕನ್ನಡಕ್ಕೆ ಬೇಕಿತ್ತು ಸಾರ್’ ಅಂದರು. ಆರು ವರ್ಷ ಯಾರಿಗೂ ಹೇಳದೆ ಬರೆದವನಿಗೆ ಆ ಒಂದು ಮಾತು ಸಾಕಾಯಿತು. ಎರಡು ಪುಸ್ತಕ ಮೊದಲು ತರೋಣ, ಒಂದೊಂದರದ್ದು 300 ಪ್ರತಿ, ಒಟ್ಟು 48 ಸಾವಿರ ನೀವು ಹಾಕಿ ಅಂದರು. ಅದರಲ್ಲಿ ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ನಂಬರಿಗೆ ತಲಾ ಮೂರು ಸಾವಿರ. ಒಪ್ಪಂದ ಇಂಗ್ಲಿಷಿನಲ್ಲಿ, ಆರು ಹಾಳೆ. ಮೂರು ಹಾಳೆ ಓದಿದೆ. ಆಮೇಲೆ ಇಡ್ಲಿ ಬಂತು.

ಐಎಸ್‌ಬಿಎನ್ ನಂಬರಿಗೆ ನಮ್ಮ ದೇಶದಲ್ಲಿ ದುಡ್ಡಿಲ್ಲ. ದೆಹಲಿಯ ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿ ಪುಕ್ಕಟೆ ಕೊಡುತ್ತದೆ, ಬರೆದವರೇ ಅರ್ಜಿ ಹಾಕಬಹುದು. ಇದಕ್ಕೆ ದುಡ್ಡು ಕೇಳಿದ ದಿನವೇ ನಾನು ಎದ್ದು ಬರಬೇಕಿತ್ತು.

ನಾಲ್ಕು ತಿಂಗಳಾದ ಮೇಲೆ ಪುಸ್ತಕ ಬಂತು. ಅಚ್ಚಿಗೆ ಹೋಗುವ ಕೊನೆಯ ಕರಡನ್ನು ನನಗೆ ತೋರಿಸಿರಲಿಲ್ಲ. ಅವರು ಆರಿಸಿಕೊಂಡದ್ದು ಶಿರಾದ ಕಥೆ, ನಾಟಕ ಕಂಪನಿಯ ಕಥೆ. ಅವಕ್ಕೆ ಏನು ಮಾಡಿದ್ದಾರೆ ಅಂತ ಪುಟ ತಿರುಗಿಸಿದಾಗ ತಿಳಿಯಿತು. ಎರಡರಲ್ಲೂ ಒಬ್ಬೊಬ್ಬ ಗಂಡಸನ್ನು ಹೆಣ್ಣು ಮಾಡೋಕೆ ಹೊರಟಿದ್ದರು. ಸರ್ಕಾರಿ ಗ್ರಂಥಾಲಯಗಳ ಸಗಟು ಖರೀದಿಗೆ ಹಾಕೋಕೆ ‘ಎಲ್ಲರಿಗೂ ಆಗುವಂಥ’ ಪುಸ್ತಕ ಬೇಕಿತ್ತಂತೆ.

ಅದನ್ನಾದರೂ ಕೂತು ಮಾಡಿದ್ದರಾ? ಇಲ್ಲ. ಕಂಪ್ಯೂಟರಿನಲ್ಲಿ ‘ಅವನ’ ಇದ್ದ ಕಡೆಯೆಲ್ಲ ‘ಅವಳ’ ಅಂತ, ‘ಅವನು’ ಇದ್ದ ಕಡೆಯೆಲ್ಲ ‘ಅವಳು’ ಅಂತ ಒಂದೇ ಏಟಿಗೆ ಬದಲಿಸಿದ್ದಾರೆ. ಇಬ್ಬರಲ್ಲಿ ಯಾವ ಅವನು ಅಂತ ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ಇಬ್ಬರೂ ಅವಳು ಆಗಿದ್ದಾರೆ. ಕ್ರಿಯಾಪದ ಮಾತ್ರ ಹಾಗೇ ಉಳಿದಿದೆ. ಹಾಗಾಗಿ ನನ್ನ ಕುದುರೆ ಸವಾರ ‘ಅವಳು ಮೀಸೆ ತಿರುವಿದನು’. ‘ಮೊಘಲರ ಅವನತಿ’ ಅಂತ ಬರೆದಿದ್ದೆ, ಅದರೊಳಗೂ ‘ಅವನ’ ಇದೆಯಲ್ಲ, ‘ಮೊಘಲರ ಅವಳತಿ’ ಆಗಿ ಕೂತಿದೆ. ಇದನ್ನು ಗೆಳೆಯರಿಗೆ ಹೇಳುವಾಗ ಈಗ ನಗುತ್ತೇನೆ. ನಾಟಕ ಕಂಪನಿಯ ಕಥೆ ಬಗ್ಗೆ ನಗೋಕೆ ಆಗಲ್ಲ. ಅಲ್ಲಿ ನಾನು ಒಂದೊಂದಾಗಿ ಇಟ್ಟಿದ್ದ ನು, ಳು ಎಲ್ಲಾ ಕಲಸಿ ಮುದ್ದೆಯಾಗಿತ್ತು.

ಇದಕ್ಕಿಂತ ಕೆಟ್ಟದ್ದು ಎರಡನೇ ಪುಟದಲ್ಲಿತ್ತು. ನಮ್ಮ ಪುಸ್ತಕಗಳಲ್ಲಿ ಇಂಗ್ಲಿಷಿನಲ್ಲಿ ಸಣ್ಣಕ್ಷರದ ವಿವರ ಇರುತ್ತದಲ್ಲ, ಹಕ್ಕು ಯಾರದ್ದು, ಎಷ್ಟು ಪುಟ, ಯಾವ ಕಾಗದ ಅಂತ. ಮುಖಪುಟದಲ್ಲಿ ನನ್ನ ಕಾವ್ಯನಾಮ ಇದೆ. ಈ ಪುಟದಲ್ಲಿ ನನ್ನ ನಿಜವಾದ ಹೆಸರು, ಮನೆ ನಂಬರು, ಬಡಾವಣೆ, ಫೋನು. ಒಪ್ಪಂದದಿಂದ ಎತ್ತಿ ಹಾಗೇ ಹಾಕಿದ್ದರು. ಗೌರವ ಪ್ರತಿಗಳ ಕಟ್ಟು ಮನೆಗೇ ಬಂತು, ನಾನು ಕೆಲಸಕ್ಕೆ ಹೋಗಿದ್ದಾಗ. ಅಮ್ಮ ಬಿಚ್ಚಿ ನೋಡಿದ್ದಳು. ಸಂಜೆ ಬಾಗಿಲಲ್ಲೇ ಹೇಳಿದಳು, ‘ಯಾರೋ ನಿನ್ ಹೆಸ್ರು ಹಾಕವ್ರೆ ನೋಡೋ ಇದ್ರಲ್ಲಿ.’

ಕೆಡಿಸಿದ ಆವೃತ್ತಿಯಲ್ಲಿ ಎಲ್ಲಾ ಕಡೆ ‘ಅವಳು’ ಅಂತಲೇ ಇತ್ತಲ್ಲ, ಹಾಗಾಗಿ ಅವತ್ತು ಬಚಾವಾದೆ. ಬೆನ್ನುಡಿಯಲ್ಲಿ ಮಾತ್ರ ನಾನು ಬರೆದುಕೊಟ್ಟಿದ್ದನ್ನು ಬದಲಿಸೋಕೆ ಅವರು ಮರೆತಿದ್ದರು. ಅದನ್ನು ಅಣ್ಣ ಓದಿದ. ಆ ವಿಷಯ ಇಲ್ಲಿ ಬೇಡ. ಈಗ ನಾನು ಶೆಟ್ಟಿಹಳ್ಳಿಯಲ್ಲಿ ಗೆಳೆಯನ ರೂಮಿನಲ್ಲಿದ್ದೇನೆ, ಅಮ್ಮ ದಿನಾ ಫೋನ್ ಮಾಡುತ್ತಾಳೆ, ಊಟ ಆಯ್ತಾ ಅಂತ ಮಾತ್ರ ಕೇಳುತ್ತಾಳೆ.

ಕಾವ್ಯನಾಮದಲ್ಲಿ ಬರೆಯುವವರು ಒಪ್ಪಂದದಲ್ಲೇ ಒಂದು ಸಾಲು ಹಾಕಿಸಿ: ಪುಸ್ತಕದ ಯಾವ ಪುಟದಲ್ಲೂ, ಜಾಹೀರಾತಿನಲ್ಲೂ, ಪಾರ್ಸೆಲ್ಲಿನ ಮೇಲೂ ನಿಜ ಹೆಸರು ವಿಳಾಸ ಬರಬಾರದು. ಬಾಯಿಮಾತಿನಲ್ಲಿ ನಾನೂ ಹೇಳಿದ್ದೆ.

ಫೋನ್ ಮಾಡಿ ಜಗಳ ಆಡಿದಾಗ ಅವರು ಹೆದರಿಸಿದರು. ‘ಗಂಡು ಗಂಡಿನ ಕಥೆ ಹಾಕಿದ್ರೆ ಕೇಸ್ ಆಗುತ್ತೆ ಸಾರ್, ನಿಮ್ಮನ್ನ ಉಳಿಸಿದ್ದೀನಿ.’ ಶುದ್ಧ ಸುಳ್ಳು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಐಪಿಸಿಯ 377ನೇ ಸೆಕ್ಷನ್ನಿನಲ್ಲಿ ವಯಸ್ಕರ ಒಪ್ಪಿಗೆಯ ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ ಭಾಗವನ್ನೇ ತೆಗೆದುಹಾಕಿದೆ. ಅದಕ್ಕೂ ಮುಂಚೆಯೂ ಆ ಸೆಕ್ಷನ್ ಇದ್ದದ್ದು ಕಥೆ ಬರೆಯೋದರ ಮೇಲಲ್ಲ.

ಆಮೇಲೆ ಊರಿನ ವಕೀಲರೊಬ್ಬರ ಹತ್ತಿರ ಆರು ಹಾಳೆ ತಗೊಂಡು ಹೋದೆ. ನಾಲ್ಕನೇ ಹಾಳೆಯಲ್ಲಿತ್ತು ಅಸಲು ವಿಷಯ. ಎರಡಲ್ಲ, ಐದೂ ಕಥೆಗಳ ಎಲ್ಲಾ ಹಕ್ಕು, ಎಲ್ಲಾ ಭಾಷೆಗೆ, ಸಿನಿಮಾ, ಆಡಿಯೋ ಸೇರಿ, ಕಾಪಿರೈಟ್ ಇರುವಷ್ಟು ಕಾಲ ಅವರಿಗೇ. ತಿದ್ದುವ ಅಧಿಕಾರವೂ ಅವರದ್ದೇ. ‘ಎಷ್ಟು ಕಾಲ ಗೊತ್ತೇನಪ್ಪಾ? ನೀನಿರೋವರೆಗೆ, ಆಮೇಲೆ 60 ವರ್ಷ’ ಅಂದರು. ‘ಅಷ್ಟರಲ್ಲಿ ನಿನ್ನ ಮೊಮ್ಮಕ್ಕಳೂ ಮುದುಕರಾಗಿರ್ತಾರೆ’ ಅಂತ ಬೇರೆ ಸೇರಿಸಿದರು. ನನಗೆ ಮೊಮ್ಮಕ್ಕಳು!

ಅವರು ಹೇಳಿದ್ದರಲ್ಲಿ ನಿಮಗೂ ಬೇಕಾದ್ದು ಇದೆ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಹಕ್ಕನ್ನು ಪೂರ್ತಿ ಬರೆದುಕೊಡೋದು ‘ಅಸೈನ್‌ಮೆಂಟ್’, ಬಳಸೋಕೆ ಮಾತ್ರ ಕೊಡೋದು ‘ಲೈಸೆನ್ಸ್’. ಅಸೈನ್‌ಮೆಂಟ್ ಪತ್ರದಲ್ಲಿ ಎಷ್ಟು ವರ್ಷ ಅಂತ ಬರೆಯದೇ ಇದ್ದರೆ ಕಾನೂನು ಐದೇ ವರ್ಷ ಅಂತ ಲೆಕ್ಕ ಹಾಕುತ್ತದೆ. ನನ್ನದರಲ್ಲಿ ಜಾಣತನದಿಂದ ಬರೆದುಬಿಟ್ಟಿದ್ದರು. ಆದರೆ 57ನೇ ಸೆಕ್ಷನ್ ಅಂತ ಒಂದಿದೆ. ಹಕ್ಕು ಮಾರಿದ ಮೇಲೂ ಕೃತಿ ನನ್ನದು ಅಂತ ಹೇಳಿಕೊಳ್ಳುವ ಅಧಿಕಾರ ಬರೆದವನಿಗೇ ಇರುತ್ತದೆ, ಮರ್ಯಾದೆ ಹೋಗುವ ಹಾಗೆ ಅದನ್ನು ತಿರುಚಿದರೆ ತಡೆಯಬಹುದು, ಪರಿಹಾರ ಕೇಳಬಹುದು. ವಕೀಲರು ಪ್ರಕಾಶಕರಿಗೆ ಕಳಿಸಿದ ನೋಟಿಸಿನ ಜೊತೆ ‘ಅವಳತಿ’ ಇರುವ ಪುಟವನ್ನೇ ಲಗತ್ತಿಸಿದರು.

ನನಗೆ ಜಾಸ್ತಿ ನಾಚಿಕೆಯಾದದ್ದು ಪಾವಗಡದ ಕಥೆ ನೆನಪಾಗಿ. 2050 ಮೆಗಾವಾಟಿನ ಆ ಪಾರ್ಕಿಗೆ ರೈತರು ಜಮೀನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು, ಮಾಲೀಕರಾಗಿಯೇ ಉಳಿದರು. ಅದನ್ನೇ ನನ್ನ ಕಥೆಯ ನಾಯಕ ಒಂದು ಅಧ್ಯಾಯದ ತುಂಬಾ ಭಾಷಣ ಮಾಡುತ್ತಾನೆ. ಬರೆದ ನಾನು ಮಾರಿ ಬಂದೆ.

ನೋಟಿಸಿಗೆ ಹೆದರಿ ಎರಡೂ ಪುಸ್ತಕ ಮಾರಾಟದಿಂದ ತೆಗೆದರು. ಅಚ್ಚಾಗದ ಮೂರು ಕಥೆಗಳ ಹಕ್ಕು ವಾಪಸ್ ಬರೆದುಕೊಟ್ಟರು. ಈ ಎರಡರ ಹಕ್ಕು ಇನ್ನೂ ಅವರ ಹತ್ತಿರವೇ ಇದೆ. 48 ಸಾವಿರ ಹೋಯಿತು. ದುಡ್ಡಿನ ಬದಲು ನಾಟಕ ಕಂಪನಿ ಪುಸ್ತಕದ 46 ಪ್ರತಿ ಕೊಟ್ಟು ಕೈ ತೊಳೆದುಕೊಂಡರು.

ಅವು ಈಗ ಗೆಳೆಯನ ಮಂಚದ ಕೆಳಗಿವೆ. ಭಾನುವಾರ ಇಬ್ಬರೂ ಕೂತು ಬಾಲ್‌ಪೆನ್ನಿನಲ್ಲಿ ತಿದ್ದುತ್ತೇವೆ. ನಾನು ಮೂಲ ಓದುತ್ತೇನೆ, ಅವನು ಳು ಹೊಡೆದು ಹಾಕಿ ಮೇಲೆ ನು ಬರೆಯುತ್ತಾನೆ. ಎರಡನೇ ಪುಟವನ್ನು ಬ್ಲೇಡಿನಲ್ಲಿ ಕತ್ತರಿಸುತ್ತೇವೆ. ಇಲ್ಲಿವರೆಗೆ ಹನ್ನೊಂದು ಪ್ರತಿ ಆಗಿದೆ.